ಪತ್ತನಾಜೆ ದಾಟಿದ ರಸ್ತೆ

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಇದನ್ನು ದೈವದೇವರ ಕಟ್ಟಳೆ ಎಂದು ಹೇಳಿ ಮುಗಿಸುವುದು ರೂಢಿ. ಆದರೆ ಕರಾವಳಿಯ ಬಂದರುಗಳು, ಘಟ್ಟದ ಹೇರೆತ್ತುಗಳು, ಬಂಡಸಾಲೆಗಳ ಲೆಕ್ಕ, ಸನ್ಯಾಸಿಗಳ ಚಾತುರ್ಮಾಸ್ಯ ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟು ನೋಡಿದರೆ, ಪತ್ತನಾಜೆ ಒಂದು ದೊಡ್ಡ ಸಂಚಾರ ಪಂಚಾಂಗದ ತುಣುಕು ಎಂಬುದು ಸ್ಪಷ್ಟವಾಗುತ್ತದೆ. ಕರ್ನಾಟಕದ ಕರಾವಳಿಗೂ ಬಯಲುಸೀಮೆಗೂ ನಡುವೆ ಇರುವ ಘಟ್ಟದ ದಾರಿಗಳು ಹುಟ್ಟಿದ್ದು ಎಂಟು ತಿಂಗಳ ದಾರಿಗಳಾಗಿ. ಅವನ್ನು ಹನ್ನೆರಡು ತಿಂಗಳ ಹೆದ್ದಾರಿಗಳೆಂದು ನಾವು ಭಾವಿಸತೊಡಗಿ ಬಹುಕಾಲವಾಗಿಲ್ಲ. ಐವತ್ತು ವರ್ಷ ಎನ್ನಬಹುದು. ಈಗ ಪ್ರತಿ ಜುಲೈಯಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟವರು ಶಿರಾಡಿ ದಾರಿಯ ಮಾರನಹಳ್ಳಿಯಲ್ಲೋ ಚಾರ್ಮಾಡಿ ದಾರಿಯ ಕೊಟ್ಟಿಗೆಹಾರದಲ್ಲೋ ವೈಪರ್ ಆಡಿಸುತ್ತ ಸಾಲುಗಟ್ಟಿ ನಿಲ್ಲುವುದನ್ನು ಆಡಳಿತದ ವೈಫಲ್ಯ ಎಂದು ಬಯ್ಯುತ್ತೇವೆ. ವೈಫಲ್ಯ ಇಲ್ಲವೆಂದಲ್ಲ. ಆದರೆ ಅದರ ಬೇರು ಇರುವುದು ಟಾರಿನ ದಪ್ಪದಲ್ಲಲ್ಲ. ದಾರಿಯ ಕಾಲಮಾನವನ್ನು ನಾವು ಬದಲಾಯಿಸಿದೆವು, ಗುಡ್ಡ ಬದಲಾಯಿಸಲಿಲ್ಲ ಎನ್ನುವಲ್ಲಿ.

ಮೊದಲು ಹಳೆಯ ದಾರಿಗಳ ಸ್ವರೂಪ ನೋಡೋಣ. ಅರಬೈಲು, ದೇವಿಮನೆ, ಗೇರುಸೊಪ್ಪೆ, ಕೊಲ್ಲೂರು, ಹೊಸಂಗಡಿ, ಆಗುಂಬೆ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ: ಉತ್ತರದಿಂದ ದಕ್ಷಿಣಕ್ಕೆ ಇವು ಮುಖ್ಯವಾದವು. ಗಾಡಿರಸ್ತೆ ಬರುವ ಮೊದಲು ಇವುಗಳಲ್ಲಿ ಹೆಚ್ಚಿನವು ಹೇರೆತ್ತು ನಡೆಯುವಷ್ಟೇ ಅಗಲದ ಕಾಲುದಾರಿಗಳು. ಮೇಲಿನಿಂದ ಅಡಿಕೆ, ಮೆಣಸು, ಬಟ್ಟೆ ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗು ಹತ್ತುತ್ತಿತ್ತು. ಕೆಳದಿಯ ಅರಸರು ಬಸರೂರು, ಹೊನ್ನಾವರ, ಮಂಗಳೂರುಗಳಲ್ಲಿ ಪೋರ್ಚುಗೀಸರೊಡನೆ ಅಕ್ಕಿಮೆಣಸುಗಳ ವಹಿವಾಟು ನಡೆಸಿದ್ದು ಇಂಥ ದಾರಿಗಳನ್ನು ನಂಬಿಯೇ. ಈ ದಾರಿಗಳಲ್ಲಿ ಓಡಾಡಿ ಬರೆದಿಟ್ಟವರ ದಿನಾಂಕಗಳನ್ನು ಜೋಡಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ಕಾಣಲು ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದದ್ದು 1623ರ ಅಕ್ಟೋಬರ್–ನವೆಂಬರ್‌ನಲ್ಲಿ. ಟಿಪ್ಪು ಬಿದ್ದ ಮರುವರ್ಷ ಈ ಸೀಮೆಯನ್ನು ಅಳೆದು ಬರೆಯಲು ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ 1800ರ ಮಳೆಗಾಲವನ್ನು ಘಟ್ಟದ ಪೂರ್ವದ ನಾಡುಗಳಲ್ಲೇ ಕಳೆದು, ಮಳೆ ಮುಗಿದ ಮೇಲೆ ಮಲಬಾರಿಗೆ ಇಳಿದು, 1801ರ ಜನವರಿಯಿಂದ ಕೆನರಾದ ಕರಾವಳಿಯಲ್ಲಿ ಸಂಚರಿಸಿ, ಮಾರ್ಚ್ ಹೊತ್ತಿಗೆ ಸೋಂದೆ ಬನವಾಸಿಗಳ ಕಡೆ ಘಟ್ಟದ ಮೇಲಿದ್ದ. ಇಬ್ಬರೂ ತಿಂಗಳು ಆರಿಸಿದ್ದು ಅಕಸ್ಮಾತ್ತಲ್ಲ. ಯುದ್ಧವೂ ಈ ಪಂಚಾಂಗವನ್ನು ಮೀರಲು ಹೆದರುತ್ತಿತ್ತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಅದನ್ನು ಮರಳಿ ಗೆದ್ದ ಟಿಪ್ಪು ಮೇ ತಿಂಗಳಲ್ಲೇ, ಮಳೆಗೆ ಮುನ್ನ, ಸೈನ್ಯವನ್ನು ಮಂಗಳೂರಿಗೆ ಇಳಿಸಿದ. ಮುಂದಿನದು ಮಳೆಯಲ್ಲಿ ನೆನೆದ ಮುತ್ತಿಗೆ. ಆಗಸ್ಟ್‌ನಲ್ಲಿ ಯುದ್ಧವಿರಾಮ, ಮರುವರ್ಷ ಮಾರ್ಚ್ 11ಕ್ಕೆ ಒಪ್ಪಂದ. ಫಿರಂಗಿ ಇಳಿಸುವವನಿಗೂ ಅಡಿಕೆ ಇಳಿಸುವವನಿಗೂ ಗಡುವು ಒಂದೇ ಆಗಿತ್ತು.

ಕಡಲೂ ಇದೇ ಲೆಕ್ಕದಲ್ಲಿ ನಡೆಯುತ್ತಿತ್ತು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಳಿವೆಗಳಲ್ಲಿ ಮರಳದಿಣ್ಣೆಯ ಮೇಲೆ ಅಲೆ ಒಡೆಯುವಾಗ ಮಂಜಿ, ಪತ್ತೆಮಾರಿಗಳನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸುತ್ತಿದ್ದರು. ಸರಕು ಒಯ್ಯಲು ಹಡಗೇ ಇಲ್ಲದ ಮೇಲೆ ಘಟ್ಟ ಇಳಿದು ಮಾಡುವುದೇನು? ದಾರಿಯೂ ಬಂದರೂ ಒಟ್ಟಿಗೆ ಮುಚ್ಚಿ ಒಟ್ಟಿಗೆ ತೆರೆಯುತ್ತಿದ್ದುದರಿಂದ ಯಾರಿಗೂ ಯಾರೂ ತಡೆ ಅನ್ನಿಸುತ್ತಿರಲಿಲ್ಲ. ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಹಾಕಿ ಪೂಜಿಸುವುದು ಈ ತೆರೆಯುವಿಕೆಯ ಮೊದಲ ಸೂಚನೆ. ಮನೆಯ ಒಳಗೂ ಇದೇ ಕಾಲಮಾನ. ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಒಣಮೀನು, ಅಟ್ಟದಲ್ಲಿ ಬಾಳೆನಾರಿನಿಂದ ಕಟ್ಟಿ ತೂಗಿಬಿಟ್ಟ ಸೌತೆಕಾಯಿ: ಇವು ಇಂದು ಅಂಗಡಿಯಲ್ಲಿ ಸಾಂಪ್ರದಾಯಿಕ ರುಚಿ ಎಂದು ಮಾರಾಟವಾಗುತ್ತವೆ. ಅಂದು ಅವು ಮುಚ್ಚಿದ ದಾರಿಯ ದಾಸ್ತಾನು. ಹೊಸ ಮದುಮಗಳು ಮಳೆ ಜಡಿಯುವ ಆಟಿ ತಿಂಗಳಲ್ಲಿ ತವರಿನಲ್ಲಿರಬೇಕು ಎಂಬ ಪದ್ಧತಿಗೆ ಜನ ಹೇಳುವ ಕಾರಣಗಳು ಹಲವು. ಒಂದು ಮಾತಂತೂ ನಿಜ: ಆಟಿಯನ್ನು ಎಲ್ಲಿ ಕಳೆಯಬೇಕೋ ಅಲ್ಲಿಗೆ ಹೊಳೆ ತುಂಬುವ ಮೊದಲು ತಲುಪಿದ್ದರೆ ಕ್ಷೇಮ. ಊರಿಗೆ ಹೋಗುವುದು ಎಂದರೆ ಮಳೆಗೆ ಮೊದಲು ಹೋಗುವುದು ಎಂದೇ ಅರ್ಥವಿತ್ತು.

ಇದಕ್ಕೆ ಕೂಡಲೇ ಬರಬಹುದಾದ ಆಕ್ಷೇಪ ಒಂದಿದೆ. ಮಲೆನಾಡಿನ ಜನ ಮಳೆಯಲ್ಲಿ ಮನೆಯೊಳಗೆ ಕೂತವರಲ್ಲ. ನಾಟಿ ನಡೆಯುವುದೇ ಮಳೆಯಲ್ಲಿ, ಅಡಿಕೆಗೆ ಕೊಟ್ಟೆ ಕಟ್ಟುವುದೂ ಮಳೆಯಲ್ಲಿ. ಗೊರಬು ಸೂಡಿಕೊಂಡು, ಕಂಬಳಿಕೊಪ್ಪೆ ಹೊದ್ದು, ಜಿಗಣೆ ಕಿತ್ತೊಗೆಯುತ್ತ ಜನ ನಡೆದೇ ನಡೆದಿದ್ದಾರೆ. ಅಂಚೆಯವನು ಓಡಿದ್ದಾನೆ. ಹಾಗಿದ್ದಮೇಲೆ ದಾರಿ ಮುಚ್ಚಿತ್ತು ಎನ್ನುವುದು ಹೇಗೆ? ಆಕ್ಷೇಪ ಸರಿಯೇ. ಆದರೆ ಅದು ನನ್ನ ವಾದವನ್ನು ಬಲಪಡಿಸುತ್ತದೆ. ನಡೆದವರು ಬಹುಪಾಲು ಒಂಟಿ ಮನುಷ್ಯರು, ತಲೆಹೊರೆಯವರು, ಅದೂ ಹೊಳೆ ಅಡ್ಡ ಬರದಷ್ಟು ದೂರಕ್ಕೆ. ಬರಿಗಾಲಿನ ಮನುಷ್ಯನಿಗೆ ಬೇಕಾದದ್ದು ಒಂದು ಅಡಿ ಜಾಗ. ದಾರಿ ಜಾರಿದರೆ ಪಕ್ಕದ ಕಾಡಿನೊಳಗೆ ಹತ್ತು ಮಾರು ಬಳಸಿ ಮುಂದಕ್ಕೆ ಹೋಗುತ್ತಾನೆ. ಗಾಲಿಗೆ ಆ ಸ್ವಾತಂತ್ರ್ಯವಿಲ್ಲ. ಗಾಲಿ ಬಂದ ದಿನದಿಂದ ದಾರಿಗೆ ಒಂದೇ ಜಾಡು, ಆ ಜಾಡಿಗೆ ಒಂದು ಪಕ್ಕ ಕಡಿದ ಧರೆ, ಇನ್ನೊಂದು ಪಕ್ಕ ಕಮರಿ. ಮಳೆಗೂ ದಾರಿಗೂ ನಿಜವಾದ ಜಗಳ ಶುರುವಾದದ್ದು ಇಲ್ಲಿ.

ಗಾಲಿಯನ್ನು ಘಟ್ಟಕ್ಕೆ ತಂದದ್ದು ಹತ್ತಿ. ಉತ್ತರ ಕನ್ನಡದ ಕುಮಟೆ ಎಂಬ ಸಣ್ಣ ಬಂದರಿನ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ಒಂದು ಜಾತಿ ಅರಳೆಯ ಹೆಸರಾಗಿ ಓಡಾಡುತ್ತಿತ್ತು. ಅದು ಕುಮಟೆಯಲ್ಲಿ ಬೆಳೆದದ್ದಲ್ಲ, ಧಾರವಾಡದ ಎರೆಭೂಮಿಯಲ್ಲಿ ಬೆಳೆದು ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತಿದ್ದು. ಧಾರವಾಡದ ಹತ್ತಿ ಬಿಡಿಸಿ ಮುಗಿಯುವುದು ಬೇಸಿಗೆಯಲ್ಲಿ. ಕಡಲು ಮುಚ್ಚುವುದು ಮೇ ಕೊನೆಗೆ. ನಡುವೆ ಉಳಿಯುವ ಕೆಲವೇ ವಾರಗಳಲ್ಲಿ ಎತ್ತಿನ ಬೆನ್ನಿನ ಮೇಲೆ ಬಂದ ಅರಳೆ ಹಡಗು ತಪ್ಪಿಸಿಕೊಂಡರೆ ಮಳೆಗಾಲವಿಡೀ ಬಂಡಸಾಲೆಯಲ್ಲಿ ತೇವ ಕುಡಿದು ಬಣ್ಣ ಕೆಡುತ್ತಿತ್ತು. ಮ್ಯಾಂಚೆಸ್ಟರಿನ ಗಿರಣಿಗಳವರು ಗಾಡಿರಸ್ತೆಗಾಗಿ ಸರ್ಕಾರದ ಬೆನ್ನು ಹತ್ತಿದ್ದು ಇದಕ್ಕೆ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದ ಕಾಲದಲ್ಲಿ, 1862ರಲ್ಲಿ, ಕೆನರಾ ಜಿಲ್ಲೆಯನ್ನೇ ಸೀಳಿ ಉತ್ತರ ಭಾಗವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಮುಂಬಯಿಯದು, ಅದರ ಹತ್ತಿ ಇಳಿಯುವ ಘಟ್ಟ ಮತ್ತು ಕಾರವಾರದ ಕೊಲ್ಲಿ ಮದ್ರಾಸಿನದು ಎಂಬ ತೊಡಕು ಅದರಿಂದ ತೀರಿತು. ಒಂದು ಜಿಲ್ಲೆಯ ಭೂಪಟವನ್ನು ಘಟ್ಟದ ರಸ್ತೆಗಾಗಿ ತಿದ್ದಿದ ಇಂಥ ಉದಾಹರಣೆ ನಮ್ಮಲ್ಲಿ ಬೇರೆ ಸಿಗುವುದು ಕಷ್ಟ. ಆದರೆ ಇಲ್ಲಿ ಗಮನಿಸಬೇಕಾದ್ದು, ಮ್ಯಾಂಚೆಸ್ಟರಿಗೆ ಬೇಕಿದ್ದದ್ದು ಮಳೆಯಲ್ಲಿ ಓಡುವ ರಸ್ತೆಯಲ್ಲ. ಮಳೆಗೆ ಮುಂಚೆ ಬೇಗ ಮುಟ್ಟಿಸುವ ರಸ್ತೆ. ಹಣ ಹಾಕಿದವನ ಮನಸ್ಸಿನಲ್ಲಿ ಜುಲೈ ಇರಲೇ ಇಲ್ಲ. ಆ ಹತ್ತಿಯನ್ನೂ ಕೊನೆಗೆ ರೈಲು ಕಸಿದುಕೊಂಡಿತು. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ಹಳಿ ಬಿದ್ದ ಮೇಲೆ ಕುಮಟೆ ಕಾರವಾರಗಳ ಕನಸು ಬಾಡಿತು, ರಸ್ತೆ ಮಾತ್ರ ಉಳಿಯಿತು.

ದಕ್ಷಿಣದಲ್ಲಿ ಇದೇ ಕೆಲಸ ಮಾಡಿದ್ದು ಕಾಫಿ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834ರಿಂದ 1861ರ ಅವಧಿಯಲ್ಲಿ ಮಂಜರಾಬಾದ್, ಮೂಡಿಗೆರೆ, ಕೊಪ್ಪ ಸೀಮೆಗಳಲ್ಲಿ ತೋಟಗಳು ಹಬ್ಬಿದವು. ಹಣ್ಣು ಒಣಗಿಸಿ ಮಂಗಳೂರಿನ ಕಾಫಿ ವರ್ಕ್ಸ್‌ಗೆ ಇಳಿಸಬೇಕು, ಅಲ್ಲಿಂದ ಹಡಗಿಗೆ. ಕಾಫಿ ಕೊಯ್ಲು ನವೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ. ಅದೂ ಎಂಟು ತಿಂಗಳ ಲೆಕ್ಕದೊಳಗೆ ಆರಾಮಾಗಿ ಕೂರುವ ಬೆಳೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಊರೂರಿಗೆ ಹೋಗಿದ್ದೂ ಮಾಡು ಹೊದಿಸುವ ಬೇಸಿಗೆಗಾಗಿ. ಆ ಕಾಲದ ಗಾಡಿರಸ್ತೆಗಳನ್ನು ಹಾಕಿದ ಎಂಜಿನಿಯರುಗಳಿಗೆ ಸಿಡಿಮದ್ದು ದುಬಾರಿ, ಎತ್ತಿನ ಕಸುವು ಸೀಮಿತ. ಆದ್ದರಿಂದ ಅವರು ಗುಡ್ಡವನ್ನು ಕಡಿಯುವುದಕ್ಕಿಂತ ಬಳಸಿದರು. ಏರು ನಿಧಾನ, ತಿರುವು ಹೆಚ್ಚು, ಅಗಲ ಎರಡು ಗಾಡಿ ಎದುರುಬದುರು ಸರಿದರೆ ಸಾಕು. ಝರಿ ಸಿಕ್ಕಿದಲ್ಲೆಲ್ಲ ಕಲ್ಲಿನ ಮೋರಿ. ಇಂದು ಆಗುಂಬೆಯ ತಿರುವುಗಳಲ್ಲಿ ಬಸ್ಸು ಎರಡು ಸಲ ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಬಯ್ಯುವ ಇಕ್ಕಟ್ಟು ಅವರ ಬಡತನದ ಫಲ. ಆ ಬಡತನ ಗುಡ್ಡದ ಬುಡವನ್ನು ಉಳಿಸಿತ್ತು ಎಂಬುದನ್ನೂ ಜೊತೆಗೆ ಹೇಳಬೇಕು. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ ಆಗುಂಬೆಯದು. ಬೆಂಗಳೂರಿನದು ಒಂದು ಸಾವಿರದ ಆಸುಪಾಸು. ಒಂದು ಹಗಲಿನ ಪ್ರಯಾಣದಲ್ಲಿ ವಾಹನ ಈ ಎರಡು ಲೋಕಗಳನ್ನು ದಾಟುತ್ತದೆ. ಚಾಲಕನ ಅಂದಾಜು ಮಾತ್ರ ಹೊರಟ ಊರಿನದೇ ಆಗಿರುತ್ತದೆ.

ಮೋಟಾರು ಬಂದಾಗಲೂ ಪಂಚಾಂಗ ಒಮ್ಮೆಗೇ ಕಳಚಲಿಲ್ಲ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ ಮಂಗಳೂರು ಬಂಟ್ವಾಳಗಳ ನಡುವೆ ಬಸ್ಸು ಓಡಿಸತೊಡಗಿತು. ಬಂಟ್ವಾಳವೇ ಏಕೆಂದರೆ ಘಟ್ಟದ ಸರಕು ಗಾಡಿಯಿಂದ ಇಳಿದು ನೇತ್ರಾವತಿಯ ದೋಣಿ ಹತ್ತುತ್ತಿದ್ದ ದೊಡ್ಡ ಪೇಟೆ ಅದು. ಕರಾವಳಿಯ ಉದ್ದಕ್ಕೂ ಹೋಗುವವನಿಗೆ ಗಂಟೆ ಎರಡು ಗಂಟೆಗೊಂದು ಹೊಳೆ. ಪ್ರತಿ ಹೊಳೆಗೂ ಕಡವು. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಕಾರು, ಬಸ್ಸು ಹತ್ತಿಸಿ ದಾಟಿಸುವ ಕಾಲ ಅದು. ಹೊಳೆ ಕೆಂಪಗೆ ಉಕ್ಕಿದರೆ ಜಂಗಲು ಬಿಡುತ್ತಿರಲಿಲ್ಲ, ಅಷ್ಟೇ. ಯಾರೂ ಪತ್ರಿಕೆಗೆ ಬರೆದು ಪ್ರತಿಭಟಿಸಲಿಲ್ಲ. 1923ರ ನೆರೆಯಲ್ಲಿ ಬಂಟ್ವಾಳ ಪೇಟೆಯೇ ಮುಳುಗಿದ್ದನ್ನು ಕಂಡವರಿಗೆ ಹೊಳೆಯ ಮಾತು ಕೇಳುವುದು ಅಭ್ಯಾಸವಾಗಿತ್ತು. ಸ್ವಾತಂತ್ರ್ಯದ ನಂತರ ಉಳ್ಳಾಲ ಶ್ರೀನಿವಾಸ ಮಲ್ಯರು ಸಂಸತ್ತಿನಲ್ಲಿದ್ದುಕೊಂಡು ಪಶ್ಚಿಮ ಕರಾವಳಿ ಹೆದ್ದಾರಿ, ಹಾಸನ–ಮಂಗಳೂರು ರೈಲು, ಸರ್ವಋತು ಬಂದರು ಇವಿಷ್ಟಕ್ಕೂ ಬೆನ್ನುಬಿದ್ದರು. ಹೊಳೆಗಳಿಗೆ ಒಂದೊಂದಾಗಿ ಸೇತುವೆ ಬಿತ್ತು. ಕರಾವಳಿಯನ್ನು ನಾಲ್ಕು ತಿಂಗಳ ಬಂಧನದಿಂದ ಬಿಡಿಸಬೇಕು ಎಂಬ ಅವರ ಹಟ ನ್ಯಾಯವಾದದ್ದು. ಆ ಬಿಡುಗಡೆಯ ಬೆಲೆಯನ್ನು ಲೆಕ್ಕ ಹಾಕದೆ ಬಿಟ್ಟವರು ನಂತರದವರು.

ನಿಜವಾದ ತಿರುವು 1974. ಆ ವರ್ಷ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಅಲೆತಡೆ ಕಟ್ಟಿ, ನೆಲ ತೋಡಿ ಮಾಡಿದ ಈ ಬಂದರಿಗೆ ಮಳೆಗಾಲವಿಲ್ಲ. ಗುರುಪುರ ನೇತ್ರಾವತಿಗಳ ಅಳಿವೆಯ ಹಳೆಯ ದಕ್ಕೆ ಜೂನ್‌ನಲ್ಲಿ ಮಲಗುತ್ತಿತ್ತು. ಪಣಂಬೂರು ಜುಲೈಯಲ್ಲೂ ಹಡಗು ಕಟ್ಟಿಕೊಂಡಿತು. ಕಡಲು ತೆರೆದೇ ಇರುವುದಾದರೆ ಘಟ್ಟವೂ ತೆರೆದೇ ಇರಬೇಕು. ಶತಮಾನಗಳಿಂದ ಒಟ್ಟಿಗೆ ಮುಚ್ಚಿ ಒಟ್ಟಿಗೆ ತೆರೆಯುತ್ತಿದ್ದ ಎರಡು ಬಾಗಿಲುಗಳಲ್ಲಿ ಒಂದು ಹೀಗೆ ಶಾಶ್ವತವಾಗಿ ತೆರೆದುಕೊಂಡಿತು, ಇನ್ನೊಂದು ಹಳೆಯ ಅಭ್ಯಾಸದಲ್ಲೇ ಉಳಿಯಿತು. ಬುದ್ಧಿವಂತ ಸರಕುಗಳು ಇದನ್ನು ಬೇಗ ಅರ್ಥಮಾಡಿಕೊಂಡವು. ಕುದುರೆಮುಖದ ಅದಿರು ರಸ್ತೆಯನ್ನು ನಂಬಲೇ ಇಲ್ಲ. ಪುಡಿಯಾಗಿ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಇಳಿಯಿತು. ಮಂಗಳೂರಿನ ತೈಲಾಗಾರದ ಪೆಟ್ರೋಲು ಡೀಸೆಲ್ಲು 2003ರಲ್ಲಿ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ಕೊಳವೆ ಸೇರಿತು. ಅಡುಗೆ ಅನಿಲಕ್ಕೂ ಆಮೇಲೆ ಒಂದು ಕೊಳವೆ ಬಂತು. ಕೊಳವೆಗೆ ಹೋಗಲಾರದ್ದೆಲ್ಲ ರಸ್ತೆಗೆ ಬಿತ್ತು. 2010ರಲ್ಲಿ ಸರ್ಕಾರ ಅದಿರು ರಫ್ತು ತಡೆಯುವವರೆಗೆ ಬಳ್ಳಾರಿಯ ಅದಿರು ಲಾರಿಗಳು ಶಿರಾಡಿಯನ್ನೂ ಅರಬೈಲನ್ನೂ ಮಳೆ ಬಿಸಿಲೆನ್ನದೆ ಉತ್ತದ್ದು ಇಂದಿಗೂ ಜನರ ಬಾಯಲ್ಲಿದೆ.

ಸರಕಿನ ಹಿಂದೆ ಜನ ಬಂದರು. ಹೋಟೆಲು, ಬ್ಯಾಂಕು, ಆಮೇಲೆ ಸಾಫ್ಟ್‌ವೇರು ಎಂದು ಕರಾವಳಿ ಮಲೆನಾಡುಗಳ ಎಷ್ಟೋ ಮನೆಗಳ ಒಬ್ಬಿಬ್ಬರು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಊರಿಗೆ ಹೋಗುವ ಕಾಲವೂ ತಿರುಗಿತು. ಮಳೆಗೆ ಮೊದಲು ಊರು ಸೇರುತ್ತಿದ್ದವರ ಮೊಮ್ಮಕ್ಕಳು ಇಂದು ಊರಿಗೆ ಹೊರಡುವುದು ನಾಗರಪಂಚಮಿಗೆ, ಅಷ್ಟಮಿಗೆ, ಸ್ವಾತಂತ್ರ್ಯ ದಿನದ ಜೊತೆ ಶನಿವಾರ ಭಾನುವಾರ ಕೂಡಿಬಂದಾಗ, ಚೌತಿಗೆ. ಅಂದರೆ ಪುಷ್ಯ, ಆಶ್ಲೇಷ, ಮಘೆ ಮಳೆಗಳ ಕಾಲಕ್ಕೆ ಸರಿಯಾಗಿ. ಹಳಬರು ಇದೇ ಹಬ್ಬಗಳನ್ನು ಇದ್ದಲ್ಲೇ ಮಾಡುತ್ತಿದ್ದರು. ಬಡಿಸಲು ಹೊರಗಿನಿಂದ ಬಂದವರೇ ಇರುತ್ತಿರಲಿಲ್ಲ. ಹಬ್ಬ ಹಳೆಯದು, ಹಬ್ಬಕ್ಕೆ ಪ್ರಯಾಣ ಹೊಸತು. ಈ ವ್ಯತ್ಯಾಸವನ್ನು ನಾವು ಮರೆತಿರುವುದರಿಂದಲೇ ಶ್ರಾವಣದ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಕಾರುಗಳ ಸಾಲು ನಮಗೆ ಅನಾದಿ ಸಂಪ್ರದಾಯದಂತೆ ಕಾಣುತ್ತದೆ.

ಈ ಒತ್ತಡಕ್ಕೆ ರಸ್ತೆ ಕೊಟ್ಟ ಉತ್ತರ ನಮ್ಮ ಕಣ್ಣೆದುರೇ ಇದೆ. ಶಿರಾಡಿ ಘಾಟಿಯನ್ನು ಎರಡು ಹಂತಗಳಲ್ಲಿ, 2015 ಮತ್ತು 2018ರಲ್ಲಿ, ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದರು. ಎರಡನೆಯ ಹಂತ ಮುಗಿದು ಜುಲೈಯಲ್ಲಿ ತೆರೆದ ರಸ್ತೆ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ಆಗಸ್ಟ್‌ನಲ್ಲಿ ಕೊಡಗಿನ ಮದೆನಾಡು, ಜೋಡುಪಾಲದ ಬಳಿ ಬರೆ ಜರಿದು ಸಂಪಾಜೆ ರಸ್ತೆ ಕೊಚ್ಚಿಹೋಯಿತು. ಮರುವರ್ಷ ಚಾರ್ಮಾಡಿಯ ಸರದಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ನಾಲ್ಕು ಪಥಕ್ಕಾಗಿ ಅಗಲಿಸಿದ ಹೆದ್ದಾರಿಯ ಮೇಲೆ ಗುಡ್ಡ ಬಂದು ಬಿದ್ದು, ಚಹದಂಗಡಿಯನ್ನೂ ವಾಹನಗಳನ್ನೂ ಮನುಷ್ಯರನ್ನೂ ಗಂಗಾವಳಿ ನದಿಗೆ ತಳ್ಳಿತು. ಕೇರಳದ ಒಂದು ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅದೇ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಮಣ್ಣು ಪದೇ ಪದೇ ರಸ್ತೆಗಿಳಿದು ಬೆಂಗಳೂರು–ಮಂಗಳೂರು ಸಂಚಾರ ನಿಂತಿತು. ಇವೆಲ್ಲದರಲ್ಲೂ ಕುಸಿದದ್ದು ರಸ್ತೆಯ ಮೈಗಿಂತ ಮೊದಲು ರಸ್ತೆಯ ಪಕ್ಕ. ಕೊಡಗಿನ ಕುಸಿತವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ಇಳಿಜಾರನ್ನು ಮನುಷ್ಯರು ಕಡಿದಾಗಿ ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಸೇರಿಸಿದ್ದಾರೆ. ಕಾರಣ ಅರ್ಥವಾಗದ್ದೇನಲ್ಲ. ಘಟ್ಟದ ಗಟ್ಟಿ ಬಂಡೆಯ ಮೇಲೆ ಲಕ್ಷಾಂತರ ವರ್ಷ ಮಳೆಗೆ ಕೊಳೆತ ಕೆಮ್ಮಣ್ಣಿನ ದಪ್ಪ ಹೊದಿಕೆಯಿದೆ. ಮಳೆ ಇಂಗಿ ಬಂಡೆಯ ಮೇಲ್ಮೈಯಲ್ಲಿ ಹರಿಯತೊಡಗಿದಾಗ ಆ ಹೊದಿಕೆಗೆ ಕೆಳಗಿನಿಂದ ಆಸರೆ ಬೇಕು. ಅಗಲೀಕರಣ ತೆಗೆದುಹಾಕುವುದು ಆ ಆಸರೆಯನ್ನೇ. ಗಾಡಿಯ ಕಾಲದವರು ಬಳಸಿ ಹೋದ ಬುಡವನ್ನು ನಾವು ಯಂತ್ರದಿಂದ ನೆಟ್ಟಗೆ ಕೊರೆದು, ಮೇಲೆ ಗಂಟೆಗೆ ನೂರು ಕಿಲೋಮೀಟರ್ ವೇಗದ ಕನಸು ಹಾಸಿದ್ದೇವೆ.

ಎಂಜಿನಿಯರುಗಳು ಇಲ್ಲಿ ತಕರಾರು ತೆಗೆಯುತ್ತಾರೆ, ತೆಗೆಯಬೇಕಾದ್ದೇ. ದೋಷವಿರುವುದು ಅರೆಬರೆ ಕೆಲಸದಲ್ಲಿ. ಇಳಿಜಾರಿಗೆ ಬಲೆ, ಮೊಳೆ, ಒಳಚರಂಡಿ ಸರಿಯಾಗಿ ಹಾಕಿದರೆ, ಶಿರಾಡಿಗೆ ಪ್ರಸ್ತಾಪದಲ್ಲಿರುವ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರಿನ ಸುರಂಗ ಮಾರ್ಗ ಆಗಿಬಿಟ್ಟರೆ ಮಳೆಯ ಮಾತೇ ಇರುವುದಿಲ್ಲ ಎಂಬುದು ಅವರ ವಾದ. ಅರ್ಧ ಒಪ್ಪುತ್ತೇನೆ. ಒಳ್ಳೆಯ ಇಳಿಜಾರು ಕೆಲಸಕ್ಕೆ ಬದಲಿಲ್ಲ. ಆದರೆ ಸುರಂಗಗಳ ಅನುಭವ ನಮಗೆ ಆಗಲೇ ಇದೆ. 1979ರಲ್ಲಿ ತೆರೆದ ಹಾಸನ–ಮಂಗಳೂರು ರೈಲುಮಾರ್ಗ ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ ದಾಟುತ್ತದೆ. ಅದೂ 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ದಿನಗಟ್ಟಲೆ ನಿಂತಿತು. ಸುರಂಗದೊಳಗೆ ಮಳೆಯಿಲ್ಲ ನಿಜ, ಎರಡು ಸುರಂಗಗಳ ನಡುವೆ ಇದೆ. ಇದಕ್ಕಿಂತ ಮುಖ್ಯವಾಗಿ ಕಲಿಯಬೇಕಾದ ಪಾಠ ಕೊಂಕಣ ರೈಲ್ವೆಯದು. 1998ರಲ್ಲಿ ಪೂರ್ತಿ ತೆರೆದ ಆ ಮಾರ್ಗ ದೇಶದ ಎಂಜಿನಿಯರಿಂಗಿನ ಹೆಮ್ಮೆ. ಆದರೂ ಅದಕ್ಕೆ ಪ್ರತಿ ವರ್ಷ ಜೂನ್‌ನಿಂದ ಮಳೆಗಾಲದ ವೇಳಾಪಟ್ಟಿ ಎಂಬುದೊಂದಿದೆ. ವೇಗ ಇಳಿಸುತ್ತಾರೆ, ಪ್ರಯಾಣದ ಅವಧಿ ಹೆಚ್ಚಿಸಿ ಮೊದಲೇ ಪ್ರಕಟಿಸುತ್ತಾರೆ, ಕುಸಿಯಬಹುದಾದ ಕಡೆ ಹಗಲುರಾತ್ರಿ ಕಾವಲುಗಾರರು ಹಳಿಯ ಮೇಲೆ ನಡೆಯುತ್ತಾರೆ. ತಂತ್ರಜ್ಞಾನದಲ್ಲಿ ಮುಂದಿರುವವರೇ ಮಳೆಗೆ ಬೇರೆ ಗಡಿಯಾರ ಇಟ್ಟುಕೊಂಡಿದ್ದಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಹಳೆಯ ಪಂಚಾಂಗವನ್ನು ಹೊಗಳುವುದು ಸುಲಭ, ಅದರಡಿ ಬದುಕಿದವರಿಗೆ ಅದು ಕ್ರೂರವಾಗಿತ್ತು. ಆಟಿ ಹಸಿವಿನ ತಿಂಗಳು. ಹೊಳೆಯಾಚೆಯ ವೈದ್ಯನಿಗಾಗಿ ಕಾಯುತ್ತ ಸತ್ತ ಬಾಣಂತಿಯರ ಲೆಕ್ಕ ಯಾರೂ ಇಟ್ಟಿಲ್ಲ. ಇಂದು ಚಿಕ್ಕಮಗಳೂರು, ಶಿವಮೊಗ್ಗ ಸೀಮೆಗಳಿಂದ ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಆಂಬುಲೆನ್ಸ್ ಇಳಿಯುವುದು ಇದೇ ಘಟ್ಟಗಳಲ್ಲಿ. ರಸ್ತೆ ಮುಚ್ಚಿ ಎನ್ನುವುದು ಸುಖಿಗಳ ಸಲಹೆಯಾದೀತು. ಒಪ್ಪಿದೆ, ಮತ್ತು ಹಳೆಯದಕ್ಕೆ ಮರಳುವುದು ನನ್ನ ಸಲಹೆಯೂ ಅಲ್ಲ. ಹನ್ನೆರಡು ತಿಂಗಳೂ ರೋಗಿ ಇಳಿಯಲು ದಾರಿ ಬೇಕು ಎಂಬುದಕ್ಕೂ ಹನ್ನೆರಡು ತಿಂಗಳೂ ಹದಿನಾರು ಚಕ್ರದ ಟ್ರೇಲರು ರಾತ್ರಿ ಎರಡಕ್ಕೆ ಇಳಿಯಬೇಕು ಎಂಬುದಕ್ಕೂ ಅಂತರವಿದೆ. ಮೊದಲನೆಯದನ್ನು ಕಾಪಾಡಲೆಂದೇ ಎರಡನೆಯದನ್ನು ಮಿತಗೊಳಿಸಬೇಕು. ಅಡ್ಡಬಿದ್ದ ಒಂದು ಲಾರಿಯ ಹಿಂದೆ ಸಿಕ್ಕಿಕೊಳ್ಳುವುದು ಆಂಬುಲೆನ್ಸೇ ತಾನೆ? ಹವಾಮಾನವೇ ಬದಲಾಗಿದೆ, ಎರಡು ದಿನದಲ್ಲಿ ತಿಂಗಳ ಮಳೆ ಸುರಿಯುತ್ತಿದೆ, ಇತಿಹಾಸದಿಂದ ಕಲಿಯುವುದೇನಿದೆ ಎನ್ನುವವರೂ ಇದ್ದಾರೆ. ಮಳೆಯ ಬೀಸು ಹೆಚ್ಚಾಗುತ್ತಿರುವುದಾದರೆ ಮಳೆಗಾಲಕ್ಕೆ ಬೇರೆ ನಿಯಮ ಬೇಕೆಂಬ ವಾದ ಇನ್ನಷ್ಟು ಗಟ್ಟಿಯಾಗುತ್ತದೆ, ಸಡಿಲವಾಗುವುದಿಲ್ಲ.

ಹಾಗೆ ನೋಡಿದರೆ ಸರ್ಕಾರ ಈಗಾಗಲೇ ಮಳೆಗಾಲದ ವೇಳಾಪಟ್ಟಿಯನ್ನು ನಡೆಸುತ್ತಿದೆ, ಒಪ್ಪಿಕೊಳ್ಳುತ್ತಿಲ್ಲ ಅಷ್ಟೇ. ಆಗುಂಬೆಯಲ್ಲಿ ಭಾರಿ ವಾಹನ ನಿಷೇಧ, ಚಾರ್ಮಾಡಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ, ಶಿರಾಡಿಯಲ್ಲಿ ಬದಲಿ ಮಾರ್ಗ: ಇವು ಜಿಲ್ಲಾಧಿಕಾರಿಗಳ ಆದೇಶಗಳಾಗಿ ಬರುತ್ತವೆ, ಬಹುಪಾಲು ಗುಡ್ಡ ಬಿದ್ದ ಮೇಲೆ. ಹಾಸನದಿಂದ ಹೊರಟವನ ಘಾಟಿಯ ಮೇಲಿನ ತುದಿ ಒಂದು ಜಿಲ್ಲೆಯದು, ಕೆಳಗಿನ ತುದಿ ಇನ್ನೊಂದರದು. ಆದೇಶವೂ ಎರಡು ಕಚೇರಿಗಳಿಂದ. ಮೀನುಗಾರಿಕೆಯಲ್ಲಿ ಹೀಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಅದನ್ನು ಮೀನುಗಾರಿಕೆಯ ಸೋಲೆಂದು ಯಾರೂ ಕರೆಯುವುದಿಲ್ಲ. ರಸ್ತೆಯಲ್ಲೇ ಉದಾಹರಣೆ ಬೇಕೆಂದರೆ ಬಂಡೀಪುರವಿದೆ. 2009ರಿಂದ ಅಲ್ಲಿಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಆಂಬುಲೆನ್ಸಿಗೂ ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ಹೈಕೋರ್ಟು 2010ರಲ್ಲಿ ಅದನ್ನು ಎತ್ತಿಹಿಡಿಯಿತು, ಕೇರಳದ ಆಕ್ಷೇಪಗಳ ನಡುವೆಯೂ ಅದು ನಡೆದುಬಂದಿದೆ. ಆನೆಗೆ ಕೊಟ್ಟ ಮರ್ಯಾದೆಯನ್ನು ಮಳೆಗೆ ಕೊಡಲು ಏನು ಅಡ್ಡಿಯೋ ತಿಳಿಯದು. ಜೂನ್ 1ರಿಂದ ಸೆಪ್ಟೆಂಬರ್ ಕೊನೆಯವರೆಗೆ ಎಲ್ಲ ಘಾಟಿಗಳಿಗೂ ಸೇರಿ ಒಂದೇ ವೇಳಾಪಟ್ಟಿ: ಯಾವ ಘಾಟಿಯಲ್ಲಿ ಎಷ್ಟು ಟನ್ನಿನವರೆಗೆ, ರಾತ್ರಿ ಯಾವುದು ತೆರೆದಿರುತ್ತದೆ, ಎಷ್ಟು ಮಿಲಿಮೀಟರ್ ಮಳೆ ಬಿದ್ದರೆ ಯಾವ ಗೇಟು ತಾನಾಗಿ ಬೀಳುತ್ತದೆ, ಕಾವಲಿನವರು ಎಲ್ಲೆಲ್ಲಿ ನಡೆಯುತ್ತಾರೆ. ಬಸ್ಸಿನ ಟಿಕೆಟು ತಿಂಗಳ ಮೊದಲೇ ಮಾರಾಟವಾಗುವ ಕಾಲದಲ್ಲಿ ಇದನ್ನು ಮೇ ತಿಂಗಳಲ್ಲೇ ಪ್ರಕಟಿಸಿದರೆ ಚೌತಿಗೆ ಊರಿಗೆ ಹೊರಡುವವನು ಹಗಲು ಪ್ರಯಾಣಕ್ಕೆ ಒಂದು ದಿನದ ರಜೆ ಹೆಚ್ಚು ಬರೆದುಕೊಳ್ಳುತ್ತಾನೆ, ಕಾಫಿ ವ್ಯಾಪಾರಿ ತನ್ನ ಲೋಡನ್ನು ಮಳೆಗೆ ಮೊದಲೇ ಇಳಿಸುತ್ತಾನೆ.